ಪ್ರಧಾನಿಯನ್ನು ಬೈದರೆ ಏನೂ ಆಗಲ್ಲ, ಊರಿನ ಸಹಕಾರಿಯ ಅಧ್ಯಕ್ಷರನ್ನು ಬೈದರೆ?

ಪ್ರಶ್ನೆ: ನನ್ನ ಗೆಳತಿ ನೇಪಾಳದವಳು. ಮೈಸೂರಿನಲ್ಲಿ ಇಬ್ಬರೂ ಒಟ್ಟಿಗೆ ಪತ್ರಿಕೋದ್ಯಮ ಓದಿದೆವು, ಹಾಸ್ಟೆಲಿನಲ್ಲಿ ಒಂದೇ ರೂಮು. ಈಗ ಅವಳು ಕಠ್ಮಂಡುವಿನಲ್ಲಿ ವರದಿಗಾರ್ತಿ. ಕೆಲವು ವರ್ಷಗಳಿಂದ ತನ್ನ ಅನುಭವಗಳನ್ನೆಲ್ಲ ಬರೆದಿಟ್ಟಿದ್ದಾಳೆ. ಅದರಲ್ಲಿ ರಾಜಕೀಯ ಇದೆ, 2025ರ ಸೆಪ್ಟೆಂಬರಿನ ಗಲಾಟೆ ಇದೆ. ತಿಂಗಳುಗಟ್ಟಲೆ ಬಾರದ ಸಂಬಳ, ಆಫೀಸಿನಲ್ಲಿ ಸದ್ದಿಲ್ಲದೆ ಕೈಬಿಟ್ಟ ಒಂದು ಸುದ್ದಿ, ಊರಿನ ಸಹಕಾರಿಯಲ್ಲಿ ಮುಳುಗಿದ ಅಮ್ಮನ ಠೇವಣಿ, ಎಲ್ಲಾ ಇದೆ. ಪ್ರಕಟಿಸಬೇಕು ಅಂತ ಅವಳ ಆಸೆ. ಅವಳ ಅಪ್ಪ ಮಾತ್ರ, ‘ಪ್ರಧಾನಿಗಳ ಬಗ್ಗೆ ಹೀಗೆಲ್ಲ ಬರೆದರೆ ಒಳಗೆ ಹಾಕುತ್ತಾರೆ’ ಅಂತ ಬೇಡ ಅನ್ನುತ್ತಾರೆ. ಬೇರೆ ಹೆಸರಿನಲ್ಲಿ ಬರೆಯಲಿ ಎಂದು ನಾನು ಹೇಳಿದೆ. ಇಲ್ಲವೇ ನಾನೇ ಕನ್ನಡಕ್ಕೆ ತಂದು ಇಲ್ಲಿ ಮೊದಲು ಪ್ರಕಟಿಸಿದರೆ ಅವಳಿಗೆ ತೊಂದರೆ ಇರಲ್ಲ ಅಲ್ವಾ? ನೇಪಾಳದಲ್ಲಿ ಪತ್ರಿಕಾ ಸ್ವಾತಂತ್ರ್ಯ ನಿಜವಾಗಿ ಇದೆಯೋ ಇಲ್ಲವೋ? ಕೆಲವು ಪುಟಗಳನ್ನು ಜೊತೆಗೆ ಕಳಿಸಿದ್ದೇನೆ. (ಹೆಸರು ಬೇಡ, ಧಾರವಾಡ)

ಉತ್ತರ: ಪುಟಗಳನ್ನು ಓದಿದೆ. ನಿಮ್ಮ ಗೆಳತಿ ಚೆನ್ನಾಗಿ ಬರೆಯುತ್ತಾರೆ. ಸಂಬಳ ಬಾರದ ತಿಂಗಳಲ್ಲಿ ಮನೆ ಮಾಲೀಕರ ಕಣ್ಣು ತಪ್ಪಿಸಲು ರಾತ್ರಿ ಸ್ಕೂಟರನ್ನು ಗಲ್ಲಿಯ ತಿರುವಿನಲ್ಲೇ ಆಫ್ ಮಾಡಿ ತಳ್ಳಿಕೊಂಡು ಬರುವ ಭಾಗವಂತೂ ಕಣ್ಣಿಗೆ ಕಟ್ಟುತ್ತದೆ. ನಾನು ಹಲವು ವರ್ಷ ಕಠ್ಮಂಡುವಿನಿಂದ ವರದಿ ಮಾಡಿದವನು. ಈಗ ಯುವ ವರದಿಗಾರರಿಗೆ ಕಾನೂನು ಮತ್ತು ಸುರಕ್ಷತೆಯ ಬಗ್ಗೆ ತರಬೇತಿ ಕೊಡುತ್ತೇನೆ. ವಕೀಲನಲ್ಲ. ಹಾಗಾಗಿ ನಾನು ಹೇಳುವುದನ್ನು ಒಬ್ಬ ಹಳೆಯ ವರದಿಗಾರನ ಅಂದಾಜು ಎಂದು ತೆಗೆದುಕೊಳ್ಳಿ. ಪ್ರಕಟಿಸುವ ಮುಂಚೆ ಅಲ್ಲಿನ ವಕೀಲರೊಬ್ಬರಿಗೆ ತೋರಿಸಲೇಬೇಕು.

ಅಪ್ಪ ಹೆದರಿರುವ ಪುಟಗಳಲ್ಲಿ ನನಗೆ ಅಪಾಯ ಕಾಣಲಿಲ್ಲ. ಯಾರೂ ತಲೆ ಕೆಡಿಸಿಕೊಳ್ಳದ ಪುಟಗಳಲ್ಲಿ ಕಾಣಿಸಿತು. ಊರಿನ ಸಹಕಾರಿಯ ನಾಲ್ಕು ಪುಟಗಳು, ಆಫೀಸಿನ ಎರಡು ಪುಟಗಳು. ನೀವು ಸೂಚಿಸಿದ ಎರಡು ದಾರಿಗಳೂ, ಅಂದರೆ ಬೇರೆ ಹೆಸರು ಮತ್ತು ಕನ್ನಡದಲ್ಲಿ ಮೊದಲು, ಅವರನ್ನು ಕಾಪಾಡುವುದಿಲ್ಲ. ಎರಡನೆಯದು ಇನ್ನಷ್ಟು ಸಿಕ್ಕಿಸಬಹುದು.

ಅಪ್ಪನ ಭಯ ಸುಮ್ನೆ ಬಂದದ್ದಲ್ಲ. ಅವರ ವಯಸ್ಸಿನವರು ‘ಪಂಚಾಯತ್’ ಎಂಬ ಹೆಸರಿನಲ್ಲಿ ರಾಜರೇ ದೇಶ ಆಳುತ್ತಿದ್ದ ಕಾಲ ನೋಡಿದವರು. 1990ರ ಜನ ಆಂದೋಲನದವರೆಗೆ ಅಲ್ಲಿ ಪಕ್ಷಗಳಿಗೇ ನಿಷೇಧವಿತ್ತು. ಆಮೇಲೆ ಖಾಸಗಿ ದಿನಪತ್ರಿಕೆಗಳು ಬಂದವು, 1993ರಲ್ಲಿ ಕಾಂತಿಪುರ ಶುರುವಾಯಿತು. 1997ರಲ್ಲಿ ರೇಡಿಯೋ ಸಗರಮಾಥಾ ಬಂತು, ಸರ್ಕಾರದ ಕೈಯಲ್ಲಿಲ್ಲದ ಮೊದಲ ಎಫ್‌ಎಂ ಅದು. ಆದರೆ 2001ರ ಜೂನ್ 1ರಂದು ಅರಮನೆಯಲ್ಲಿ ರಾಜ ಬೀರೇಂದ್ರ ಮತ್ತು ಅವರ ಕುಟುಂಬದ ಹತ್ಯೆಯಾಯಿತು. ಕೆಲವೇ ದಿನಗಳಲ್ಲಿ, ಮಾವೋವಾದಿ ನಾಯಕ ಬಾಬುರಾಮ್ ಭಟ್ಟರಾಯ್ ಅವರ ಲೇಖನ ಪ್ರಕಟಿಸಿದ್ದಕ್ಕೆ ಕಾಂತಿಪುರದ ಸಂಪಾದಕ ಯುವರಾಜ್ ಘಿಮಿರೆ ಮತ್ತು ಪ್ರಕಾಶಕರನ್ನು ರಾಜದ್ರೋಹದ ಆರೋಪದ ಮೇಲೆ ಹಿಡಿದರು. ಅದೇ ವರ್ಷದ ಕೊನೆಗೆ ತುರ್ತುಸ್ಥಿತಿ. ಹಳ್ಳಿಗಳ ವರದಿಗಾರರು ಸರ್ಕಾರ ಮತ್ತು ಮಾವೋವಾದಿ ಬಂಡುಕೋರರ ಎರಡು ಬಂದೂಕುಗಳ ನಡುವೆ ಸಿಕ್ಕಿಬಿದ್ದರು. ಮಾವೋವಾದಿ ಪತ್ರಿಕೆಯ ಸಂಪಾದಕ ಕೃಷ್ಣ ಸೇನ್ 2002ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತರು. ದೈಲೇಖ್ ಜಿಲ್ಲೆಯ ರೇಡಿಯೋ ನೇಪಾಳ ವರದಿಗಾರ ದೇಕೇಂದ್ರ ಥಾಪಾ ಅವರನ್ನು 2004ರಲ್ಲಿ ಮಾವೋವಾದಿಗಳು ಎತ್ತಿಕೊಂಡು ಹೋಗಿ ಕೊಂದರು.

ಇದೆಲ್ಲದರ ಮೇಲೆ 2005ರ ಫೆಬ್ರುವರಿ 1. ರಾಜ ಜ್ಞಾನೇಂದ್ರ ಟೀವಿಯಲ್ಲಿ ಕಾಣಿಸಿಕೊಂಡು ಅಧಿಕಾರವೆಲ್ಲ ತಮ್ಮ ಕೈಗೆ ಬಂತು ಎಂದು ಸಾರಿದರು. ಫೋನುಗಳೆಲ್ಲ ಸತ್ತವು. ಪತ್ರಿಕೆಗಳ ಆಫೀಸಿಗೆ ಸೈನಿಕರು ಬಂದು ಕೂತರು, ಪುಟಗಳನ್ನು ಓದಿದ ಮೇಲೇ ಅಚ್ಚಿಗೆ ಬಿಡುತ್ತಿದ್ದರು. ಎಫ್‌ಎಂಗಳಲ್ಲಿ ಹಾಡು ಮಾತ್ರ, ಸುದ್ದಿ ಬಂದ್. ಆಗ ಕಠ್ಮಂಡು ಪೋಸ್ಟ್ ಕಾಲುಚೀಲದ ಬಗ್ಗೆ ಸಂಪಾದಕೀಯ ಬರೆಯಿತು. ಓದುಗರಿಗೆ ಯಾವ ಕಾಲುಚೀಲ, ಏನು ನಾತ ಅಂತ ಅರ್ಥವಾಯಿತು. ಸೈನಿಕರು ತಡೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ 19 ದಿನಗಳ ಆಂದೋಲನ ನಡೆದು ರಾಜರು ಮಣಿದರು. 2008ರಲ್ಲಿ ನೇಪಾಳ ಗಣರಾಜ್ಯವಾಯಿತು.

ಅಪ್ಪನ ತಲೆಯಲ್ಲಿ ಇನ್ನೂ ಓಡುತ್ತಿರುವುದು ಆ ಕಾಲ. ಆಗ ಅಪಾಯ ಮೇಲಿನಿಂದ, ಸಮವಸ್ತ್ರ ಹಾಕಿಕೊಂಡು ಬರುತ್ತಿತ್ತು. ಈಗ ಅದು ಬರುವ ದಾರಿ ಬೇರೆ.

ಈಗಿನ ಕಾಗದದ ಮೇಲಿನ ಸ್ಥಿತಿ ನೋಡಿ. 2015ರ ಸಂವಿಧಾನದ ಪೀಠಿಕೆಯಲ್ಲೇ ಪೂರ್ಣ ಪತ್ರಿಕಾ ಸ್ವಾತಂತ್ರ್ಯ ಎಂಬ ಮಾತಿದೆ. 19ನೇ ಕಲಂ ಪ್ರಕಾರ ಪ್ರಕಟಣೆಗೆ ಮುಂಚೆ ಸೆನ್ಸಾರ್ ಮಾಡುವಂತಿಲ್ಲ, ಬರೆದದ್ದಕ್ಕಾಗಿ ಪತ್ರಿಕೆಯ ನೋಂದಣಿ ರದ್ದು ಮಾಡುವಂತಿಲ್ಲ. ಗಡಿಯಿಲ್ಲದ ವರದಿಗಾರರ ಸಂಸ್ಥೆಯ 2025ರ ಪಟ್ಟಿಯಲ್ಲಿ 180 ದೇಶಗಳ ಪೈಕಿ ನೇಪಾಳ 90ನೇ ಸ್ಥಾನದಲ್ಲಿದೆ, ಭಾರತ 151ರಲ್ಲಿ. ಇಂಥ ಪಟ್ಟಿಗಳನ್ನು ನಾನು ಅಷ್ಟಾಗಿ ನಂಬುವವನಲ್ಲ. ಆದರೂ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಕೂತು ‘ಅಯ್ಯೋ ಪಾಪ ನೇಪಾಳ’ ಅನ್ನುವ ಹಾಗಿಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಪ್ರಧಾನಿಗಳ ವಿಷಯಕ್ಕೆ ಬಂದರೆ, ಅಲ್ಲಿ 1990ರಿಂದ ಈಚೆಗೆ ಒಬ್ಬ ಪ್ರಧಾನಿಯೂ ಐದು ವರ್ಷ ಪೂರೈಸಿಲ್ಲ. ಓಲಿ, ದೇವುಬಾ, ಪ್ರಚಂಡ, ಈ ಮೂವರನ್ನು ಬೈಯದ ಅಂಕಣಕಾರ ಅಲ್ಲಿ ಸಿಗುವುದು ಕಷ್ಟ. ವ್ಯಂಗ್ಯಚಿತ್ರ, ಟೀವಿ, ಚಹಾ ಅಂಗಡಿ ಎಲ್ಲೆಡೆ ಬೈಗುಳ ಧಾರಾಳ. ನಿಮ್ಮ ಗೆಳತಿ ಬರೆದಿರುವುದು ಅದಕ್ಕಿಂತ ಸೌಮ್ಯವಾಗಿಯೇ ಇದೆ. ಇಷ್ಟಕ್ಕೆ ಒಳಗೆ ಹಾಕುತ್ತಾರೆ ಅನ್ನುವುದು ಈಗಿನ ನೇಪಾಳದಲ್ಲಿ ಹೆಚ್ಚುಕಡಿಮೆ ತಪ್ಪು ತಿಳಿವಳಿಕೆ. ಆ ಪುಟಗಳ ಬಗ್ಗೆ ಇನ್ನು ಮಾತಾಡುವುದಿಲ್ಲ.

ಕಾನೂನಿಗೆ ಬರೋಣ. ಅಲ್ಲಿ ಎಲೆಕ್ಟ್ರಾನಿಕ್ ವಹಿವಾಟು ಕಾಯ್ದೆ ಅಂತ ಒಂದಿದೆ, ವಿಕ್ರಮ ಸಂವತ್ 2063ರದ್ದು. ಡಿಜಿಟಲ್ ಸಹಿ, ಆನ್‌ಲೈನ್ ವ್ಯವಹಾರಕ್ಕೆಂದು ಮಾಡಿದ ಕಾಯ್ದೆ ಅದು. ಅದರ 47ನೇ ಕಲಂನಲ್ಲಿ ಸಭ್ಯತೆಗೆ ವಿರುದ್ಧವಾದದ್ದು, ದ್ವೇಷ ಹರಡುವಂಥದ್ದನ್ನು ಇಂಟರ್ನೆಟ್ಟಿನಲ್ಲಿ ಹಾಕಿದರೆ 5 ವರ್ಷದವರೆಗೆ ಜೈಲು ಅಥವಾ 1 ಲಕ್ಷ ನೇಪಾಳಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿದೆ. ಈ ಸಾಲನ್ನು ಎಷ್ಟು ಬೇಕಾದರೂ ಎಳೆಯಬಹುದು. ಮಾನಹಾನಿ ಎಂದು ಮಾಮೂಲಿ ದಂಡ ಸಂಹಿತೆಯಡಿ ಹೋದರೆ, ದೂರುವವನೇ ಕೋರ್ಟಿಗೆ ಅಲೆಯಬೇಕು, ತನ್ನ ಮಾನ ಹೋಯಿತು ಎಂದು ತಾನೇ ತೋರಿಸಬೇಕು. 47ನೇ ಕಲಂ ಆದರೆ ಸರ್ಕಾರವೇ ವಾದಿ. ದೂರುವವನು ಕಠ್ಮಂಡುವಿನಲ್ಲಿರುವ ಪೊಲೀಸರ ಸೈಬರ್ ಬ್ಯೂರೋಗೆ ಒಂದು ಅರ್ಜಿ ಕೊಟ್ಟು ಮನೆಗೆ ಹೋಗಬಹುದು. ಪೊಲೀಸರು ಮೊದಲು ಕರೆತರುತ್ತಾರೆ, ಬರೆದದ್ದು ಸರಿಯೋ ತಪ್ಪೋ ಎಂಬುದು ಆಮೇಲೆ. ಶಿಕ್ಷೆಯಾಗುವುದು ಕಡಿಮೆ. ಆದರೆ ಠಾಣೆಯಲ್ಲಿ ಕಳೆದ ಆ ರಾತ್ರಿಗಳು, ವಕೀಲರ ಖರ್ಚು, ಊರಿನವರ ಮಾತು, ಇವೇ ಶಿಕ್ಷೆ.

ಒಂದು ಉದಾಹರಣೆ. 2025ರ ಜೂನ್‌ನಲ್ಲಿ ಹಿರಿಯ ಪತ್ರಕರ್ತ ದಿಲ್ ಭೂಷಣ್ ಪಾಠಕ್ ಅವರ ಮೇಲೆ ಇದೇ ಕಾಯ್ದೆಯಡಿ ಬಂಧನದ ವಾರಂಟ್ ಹೊರಟಿತು. ಮಾಜಿ ಪ್ರಧಾನಿಯೊಬ್ಬರ ಮಗನ ವ್ಯವಹಾರದ ಬಗ್ಗೆ ಯೂಟ್ಯೂಬಿನಲ್ಲಿ ಮಾತಾಡಿದ್ದು ಅವರ ಮೇಲಿನ ದೂರು. ಹೈಕೋರ್ಟ್ ಬಂಧನಕ್ಕೆ ತಡೆ ಕೊಟ್ಟಿತು. ಇಲ್ಲಿ ಎರಡು ವಿಷಯ ಗಮನಿಸಿ. ತೊಂದರೆಯಾದದ್ದು ರಾಜಕೀಯ ಟೀಕೆಗಲ್ಲ, ಒಂದು ನಿರ್ದಿಷ್ಟ ದುಡ್ಡಿನ ಮಾತಿಗೆ. ಅದು ಬಂದದ್ದು ಪತ್ರಿಕೆಯಲ್ಲಲ್ಲ, ಯೂಟ್ಯೂಬಿನಲ್ಲಿ. ಪತ್ರಿಕೆಯಲ್ಲೋ ನೋಂದಾಯಿತ ಸುದ್ದಿತಾಣದಲ್ಲೋ ಬಂದಿದ್ದರೆ ‘ಇದು ಪ್ರೆಸ್ ಕೌನ್ಸಿಲ್ ನೋಡಬೇಕಾದ ವಿಷಯ, ಪೊಲೀಸರದ್ದಲ್ಲ’ ಎಂದು ವಾದಿಸಲು ಜಾಗವಿರುತ್ತದೆ. ಸ್ವಂತ ಫೇಸ್‌ಬುಕ್, ಸ್ವಂತ ಚಾನೆಲ್ ಆದರೆ ಆ ಜಾಗ ಬಹಳ ಕಿರಿದು.

ಇನ್ನೊಂದು ರೂಢಿಯೂ ಇದೆ. ಬರೆದದ್ದಕ್ಕೆ ಮುಟ್ಟುವುದಿಲ್ಲ, ಬೇರೊಂದು ಕಡತ ತೆಗೆಯುತ್ತಾರೆ. 2016ರಲ್ಲಿ ಸಂಪಾದಕ ಕನಕ್ ಮಣಿ ದೀಕ್ಷಿತ್ ಅವರನ್ನು ಭ್ರಷ್ಟಾಚಾರ ತಡೆ ಆಯೋಗ ಬಂಧಿಸಿತು. ಅವರು ಆ ಆಯೋಗದ ಮುಖ್ಯಸ್ಥರ ನೇಮಕವನ್ನೇ ಬಹಿರಂಗವಾಗಿ ವಿರೋಧಿಸಿದ್ದವರು. ಸುಪ್ರೀಂ ಕೋರ್ಟ್ ಅವರನ್ನು ಬಿಡಿಸಿತು, ಮುಂದೆ ಆ ಮುಖ್ಯಸ್ಥರ ನೇಮಕವೂ ರದ್ದಾಯಿತು. 2024ರ ಮೇ ತಿಂಗಳಲ್ಲಿ ಕಾಂತಿಪುರ ಸಮೂಹದ ಅಧ್ಯಕ್ಷ ಕೈಲಾಶ್ ಸಿರೋಹಿಯಾ ಅವರನ್ನು ಪೌರತ್ವ ದಾಖಲೆಯ ವಿಷಯದಲ್ಲಿ ಪೊಲೀಸರು ಹಿಡಿದರು. ಆಗಿನ ಗೃಹ ಸಚಿವ ರವಿ ಲಾಮಿಛಾನೆ ಮತ್ತು ಸಹಕಾರಿಗಳ ಹಣದ ಬಗ್ಗೆ ಅವರ ಪತ್ರಿಕೆ ಸತತವಾಗಿ ಬರೆಯುತ್ತಿತ್ತು. ಸಿರೋಹಿಯಾ ಕೆಲವು ದಿನಗಳಲ್ಲಿ ಹೊರಬಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಾಮಿಛಾನೆಯವರೇ ಸಹಕಾರಿ ಹಗರಣದ ಆರೋಪದಲ್ಲಿ ಬಂಧನಕ್ಕೊಳಗಾದರು. ಅವರು ರಾಜಕೀಯಕ್ಕೆ ಬರುವ ಮುಂಚೆ ಟೀವಿ ಪತ್ರಕರ್ತ! ನೇಪಾಳದಲ್ಲಿ ಪತ್ರಕರ್ತ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಅಂತ ಗೆರೆ ಎಳೆದು ನೋಡಿದರೆ ಏನೂ ಅರ್ಥವಾಗುವುದಿಲ್ಲ.

ನ್ಯಾಯಾಂಗದ ಬಗ್ಗೆ ಬರೆದರೂ ಕಷ್ಟವೇ. 2018ರಲ್ಲಿ ಮುಖ್ಯ ನ್ಯಾಯಮೂರ್ತಿ ಗೋಪಾಲ್ ಪರಾಜುಲಿ ಅವರ ದಾಖಲೆಗಳಲ್ಲಿ ಬೇರೆಬೇರೆ ಹುಟ್ಟಿದ ದಿನಾಂಕಗಳಿವೆ ಎಂದು ಕಾಂತಿಪುರ ಬರೆಯಿತು. ನ್ಯಾಯಾಂಗ ನಿಂದನೆ ಪ್ರಕರಣ ಬಿತ್ತು. ಆಮೇಲೆ ನ್ಯಾಯಮೂರ್ತಿಗಳ ನೇಮಕ ನೋಡಿಕೊಳ್ಳುವ ನ್ಯಾಯ ಪರಿಷತ್ತೇ ದಾಖಲೆ ನೋಡಿ, ಅವರ ನಿವೃತ್ತಿಯ ದಿನ ಹಿಂದಿನ ವರ್ಷವೇ ಮುಗಿದಿತ್ತು ಎಂದು ಹೇಳಿ ಮನೆಗೆ ಕಳಿಸಿತು. ಪತ್ರಿಕೆ ಉಳಿದದ್ದು ಧೈರ್ಯದಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಬೇರೆ: ಅವರ ಕೈಯಲ್ಲಿ ಕಾಗದಗಳಿದ್ದವು.

ಅದಕ್ಕೇ ಸಹಕಾರಿಯ ನಾಲ್ಕು ಪುಟಗಳನ್ನು ನಾನು ಎರಡು ಸಲ ಓದಿದೆ. ಊರಿನ ಚಿಕ್ಕ ಸಹಕಾರಿ, ಜಾಸ್ತಿ ಬಡ್ಡಿಯ ಆಸೆ, ಕತಾರಿನಲ್ಲಿ ದುಡಿಯುವ ಅಣ್ಣ ಕಳಿಸಿದ ಹಣವನ್ನು ಅಮ್ಮ ಅಲ್ಲಿಟ್ಟದ್ದು, ಒಂದು ದಿನ ಷಟರ್ ಎಳೆದದ್ದು. ಇದು ನೇಪಾಳದ ಸಾವಿರಾರು ಮನೆಗಳ ಕಥೆ. ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗ. ಆ ಹಣ ಹಳ್ಳಿಗೆ ಬಂದು ಕೂರುವ ಜಾಗಗಳಲ್ಲಿ ಸಹಕಾರಿಯೂ ಒಂದು. 2024ರಲ್ಲಿ ಸಂಸತ್ತು ಇದರ ತನಿಖೆಗೆ ವಿಶೇಷ ಸಮಿತಿಯನ್ನೇ ಮಾಡಬೇಕಾಯಿತು.

ವಿಷಯ ಸತ್ಯ, ಸರಿ. ಆದರೆ ನಿಮ್ಮ ಗೆಳತಿ ಬರೆದಿರುವ ಒಂದು ಸಾಲು ಹೀಗಿದೆ: ‘ಅಧ್ಯಕ್ಷ ನಮ್ಮೆಲ್ಲರ ದುಡ್ಡು ತಿಂದು ಕಠ್ಮಂಡುವಿನಲ್ಲಿ ಮನೆ ಕಟ್ಟಿಸಿದ.’ ಈ ಒಂದು ಸಾಲಿನಲ್ಲಿ ಮೂರು ಆರೋಪಗಳಿವೆ. ತಿಂದ, ಅದೇ ದುಡ್ಡಿನಲ್ಲಿ ಕಟ್ಟಿಸಿದ, ಅಧ್ಯಕ್ಷನೇ ತಿಂದ. ಮೂರಕ್ಕೂ ಕಾಗದ ಬೇಕು. ಅವರ ಹತ್ತಿರ ಅಮ್ಮನ ಪಾಸ್‌ಬುಕ್ ಮಾತ್ರ ಇದ್ದಂತಿದೆ. ಪ್ರಧಾನಿಯನ್ನು ಟೀಕಿಸಿದರೆ ಪ್ರಧಾನಿಗೆ ಓದಲು ಪುರುಸೊತ್ತಿಲ್ಲ. ಆ ಅಧ್ಯಕ್ಷರಿಗೆ ಪುರುಸೊತ್ತಿದೆ, ಪಕ್ಷದ ಪರಿಚಯವಿದೆ, ಪೊಲೀಸ್ ಠಾಣೆ ಮನೆಯ ಹತ್ತಿರವೇ ಇದೆ. ಊರಿನಲ್ಲಿ ಅಪ್ಪ ಅಮ್ಮನೂ ಇದ್ದಾರೆ.

ಅದೇ ಭಾಗವನ್ನು ಹೀಗೆ ಬರೆಯಬಹುದು: ‘ಅಮ್ಮನ ಪಾಸ್‌ಬುಕ್ಕಿನಲ್ಲಿ ಇಷ್ಟು ರೂಪಾಯಿ ಇದೆ. ಷಟರ್ ಎಳೆದ ಮೇಲೆ ಅಮ್ಮ ಎಷ್ಟೋ ಸಲ ಹೋಗಿ ಬಂದಳು. ಅಧ್ಯಕ್ಷರು ಊರಿನಲ್ಲಿಲ್ಲ ಎಂದು ಹೇಳಿ ಕಳಿಸಿದರು. ನಾನು ಫೋನ್ ಮಾಡಿ ಕೇಳಿದೆ, ಉತ್ತರ ಬರಲಿಲ್ಲ.’ ಓದುವವರು ತಾವೇ ತಿಳಿದುಕೊಳ್ಳುತ್ತಾರೆ. ಬರವಣಿಗೆಯೂ ಇದರಿಂದ ಗಟ್ಟಿಯಾಗುತ್ತದೆ. ಇದಕ್ಕಾಗಿ ಅಧ್ಯಕ್ಷರಿಗೆ ನಿಜವಾಗಿಯೂ ಫೋನ್ ಮಾಡಿ, ಮೆಸೇಜ್ ಕಳಿಸಿ, ಉತ್ತರಕ್ಕೆ ಕಾದಿರಬೇಕು, ಅದು ಬೇರೆ ಮಾತು. ಆ ಫೋನ್ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಬೇಡಿ ಎಂದು ಹೇಳಿ. 2018ರಲ್ಲಿ ಜಾರಿಗೆ ಬಂದ ದಂಡ ಸಂಹಿತೆಯಲ್ಲಿ ಒಪ್ಪಿಗೆಯಿಲ್ಲದೆ ಮಾತು ರೆಕಾರ್ಡ್ ಮಾಡುವುದು, ಫೋಟೋ ತೆಗೆಯುವುದು ಅಪರಾಧದ ಪಟ್ಟಿಗೆ ಸೇರಿವೆ. ಪತ್ರಕರ್ತರು ಇದನ್ನು ಆಗಲೇ ವಿರೋಧಿಸಿದ್ದರು. ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯುವುದು ಒಳ್ಳೆಯದು.

ಇನ್ನೊಂದು ಮಾತು ನಿಮ್ಮ ಪತ್ರದಲ್ಲೇ ಇಲ್ಲ. ಅಮ್ಮನನ್ನು ಕೇಳಿದ್ದಾರಾ? ಠೇವಣಿ ಅಮ್ಮನದು. ಬಾಕಿ ಹಣ ವಾಪಸ್ ಬರುವ ಪಟ್ಟಿಯಲ್ಲಿ ಅವರ ಹೆಸರೂ ಇರಬಹುದು. ಮಗಳು ಬರೆದದ್ದರಿಂದ ಅಮ್ಮನ ಸರದಿ ಹಿಂದೆ ಹೋದರೆ? ಅಮ್ಮ ಬೇಡ ಅಂದರೆ ಆ ನಾಲ್ಕು ಪುಟ ಬಿಡಬೇಕು. ನನ್ನ ಮಟ್ಟಿಗೆ ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಈಗ ಆಫೀಸಿನ ಪುಟಗಳು. ಹೊರಗಿನವರಿಗೆ ಅರ್ಥವಾಗದ ಭಾಗ ಇದು. ಇವತ್ತು ಕಠ್ಮಂಡುವಿನಲ್ಲಿ ಸುದ್ದಿ ಸಾಯುವುದು ಯಾರೋ ತಡೆದು ಅಲ್ಲ. ರಾತ್ರಿ ಒಂಬತ್ತಕ್ಕೆ ಮೊದಲ ಪುಟದಲ್ಲಿದ್ದ ಸುದ್ದಿ ಒಳಪುಟಕ್ಕೆ ಹೋಗುತ್ತದೆ. ಹತ್ತಕ್ಕೆ ‘ಇನ್ನೊಂದು ಕಡೆಯವರ ಹೇಳಿಕೆ ಬರಲಿ’ ಅನ್ನುತ್ತಾರೆ. ಮರುದಿನ ಹೇಳಿಕೆ ಬರುತ್ತದೆ, ಜಾಗ ಇರುವುದಿಲ್ಲ. ಮೂರನೆಯ ದಿನ ಸುದ್ದಿ ಹಳೆಯದಾಯಿತು. ಯಾರೂ ಬೇಡ ಅನ್ನಲಿಲ್ಲ. ನಿಮ್ಮ ಗೆಳತಿ ಬರೆದಿರುವುದೂ ಹೆಚ್ಚುಕಡಿಮೆ ಇದನ್ನೇ. ಕಾರಣ ದುಡ್ಡು. ಮಾರುಕಟ್ಟೆ ಚಿಕ್ಕದು, ಜಾಹೀರಾತು ಕೊಡುವವರು ಬೆರಳೆಣಿಕೆಯಷ್ಟು ಬ್ಯಾಂಕು, ವ್ಯಾಪಾರಿ ಮನೆತನಗಳು, ಜೊತೆಗೆ ಸರ್ಕಾರದ ಜಾಹೀರಾತು. ಕೋವಿಡ್ ನಂತರ ಮುದ್ರಣ ಪತ್ರಿಕೆಗಳ ಆದಾಯ ಕುಸಿಯಿತು, ಕೆಲಸಗಳು ಹೋದವು. ನೇಮಕಾತಿ ಪತ್ರವೇ ಇಲ್ಲದೆ ದುಡಿಯುವ ವರದಿಗಾರರು ಈಗಲೂ ಇದ್ದಾರೆ. ದಸರಾ ಹತ್ತಿರ ಬಂದಾಗ ಬಾಕಿ ಸಂಬಳ, ಹಬ್ಬದ ಭತ್ಯೆ ಕೊಡಿ ಎಂದು ಪತ್ರಕರ್ತರೇ ಬೀದಿಯಲ್ಲಿ ಕೂರುವುದನ್ನು ನಾನು ನೋಡಿದ್ದೇನೆ. ಬಾಡಿಗೆ ಕಟ್ಟಲಾಗದವನು ಯಾವ ಸುದ್ದಿಗೆ ಎಷ್ಟು ಹಠ ಹಿಡಿಯಬಹುದು, ಹೇಳಿ?

ಇದನ್ನು ಬರೆಯಬೇಕು, ನನಗೆ ಸಂಶಯವಿಲ್ಲ. ಪೊಲೀಸರು ಬರುವ ವಿಷಯವೂ ಇದಲ್ಲ. ಇಲ್ಲಿ ಹೋಗುವುದು ಕೆಲಸ, ಅದರ ಜೊತೆಗೆ ಬಾಕಿ ಸಂಬಳ. ಹಾಗಾಗಿ ಮೊದಲು ಬಾಕಿಯ ಲೆಕ್ಕ ಮುಗಿಯಲಿ. ಅಲ್ಲಿ ಪತ್ರಕರ್ತರ ಕನಿಷ್ಠ ವೇತನಕ್ಕೆ ಒಂದು ಸಮಿತಿಯೇ ಇದೆ, ದೂರು ಕೊಡಬಹುದು. ದೂರು ಕೊಟ್ಟ ದಾಖಲೆ ಕೈಯಲ್ಲಿದ್ದರೆ ಅದನ್ನೇ ಬರವಣಿಗೆಗೂ ಆಧಾರವಾಗಿ ಬಳಸಬಹುದು. ಆಫೀಸಿನ ಹೆಸರು ಹಾಕದೆ ಬರೆದರೂ ಕಠ್ಮಂಡುವಿನ ಪತ್ರಕರ್ತರಿಗೆಲ್ಲ ಅದು ಯಾವುದೆಂದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಆದರೂ ಹೆಸರು ಹಾಕದಿರುವುದೇ ಲೇಸು. ಮುಖ್ಯವಾಗಿ, ಡೆಸ್ಕಿನಲ್ಲಿ ಅವರಿಗೆ ಸಹಾಯ ಮಾಡಿದ ಸಹೋದ್ಯೋಗಿಯೊಬ್ಬರ ಗುರುತು ಆ ಪುಟಗಳಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಅದನ್ನು ತೆಗೆಯಲೇಬೇಕು. ಅವರಿನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ ಅಲ್ವಾ?

ಬೇರೆ ಹೆಸರಿನ ವಿಷಯಕ್ಕೂ ಇದೇ ಉತ್ತರ. ಅಲ್ಲಿನ ಪತ್ರಕರ್ತರ ಲೋಕ ಚಿಕ್ಕದು. ಹೆಂಗಸು, ಹೊರ ಜಿಲ್ಲೆಯವಳು, ಕರ್ನಾಟಕದಲ್ಲಿ ಓದಿದವಳು, ಸ್ಕೂಟರು. ಇಷ್ಟು ಸಾಕು ಗುರುತಿಸಲು. ಬೇರೆ ಹೆಸರು ಮೂರು ದಿನ ಬಾಳುತ್ತದೆ. ಆಮೇಲೆ ‘ಇವಳು ಹೆಸರು ಮರೆಸಿ ಬರೆದಳು’ ಅನ್ನುವುದೇ ಅವಳ ವಿರುದ್ಧದ ಮಾತಾಗುತ್ತದೆ.

ಸೆಪ್ಟೆಂಬರಿನ ಪುಟಗಳು ನನಗೆ ಬಹಳ ಹಿಡಿಸಿದವು. ಗೊತ್ತಿಲ್ಲದ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. 2025ರ ಸೆಪ್ಟೆಂಬರ್ 4ರಂದು ಸರ್ಕಾರ ನೋಂದಣಿ ಮಾಡಿಸಿಲ್ಲ ಎಂದು 26 ಸಾಮಾಜಿಕ ಜಾಲತಾಣಗಳನ್ನು ಮುಚ್ಚಿಸಲು ಆದೇಶಿಸಿತು. 8ರಂದು ಶಾಲಾ ಕಾಲೇಜು ಹುಡುಗ ಹುಡುಗಿಯರು ನಯಾ ಬಾನೇಶ್ವರದ ಸಂಸತ್ ಭವನದತ್ತ ಮೆರವಣಿಗೆ ಹೊರಟರು. ಗುಂಡು ಹಾರಿತು, ಆ ಒಂದೇ ದಿನ 19 ಜನ ಸತ್ತರು. ರಾತ್ರಿಯೇ ನಿಷೇಧ ತೆಗೆದರು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಸರ್ಕಾರದ ಮುಖ್ಯ ಕಚೇರಿಗಳಿರುವ ಸಿಂಹ ದರ್ಬಾರ್, ಸಂಸತ್ತು, ಸುಪ್ರೀಂ ಕೋರ್ಟ್ ಹೊತ್ತಿ ಉರಿದವು. ಒಟ್ಟು ಸತ್ತವರು 70ಕ್ಕೂ ಹೆಚ್ಚು. 12ರಂದು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಹಂಗಾಮಿ ಪ್ರಧಾನಿಯಾದರು, ಆ ದೇಶದ ಮೊದಲ ಮಹಿಳಾ ಪ್ರಧಾನಿ.

9ನೇ ತಾರೀಕು ಗುಂಪು ಕಾಂತಿಪುರದ ಕಟ್ಟಡಕ್ಕೂ ಬೆಂಕಿ ಹಚ್ಚಿತು. ಸಂಪಾದಕರನ್ನು ರಾಜರ ಕಾಲದ ಸರ್ಕಾರ ಹಿಡಿಯಿತು, ಪ್ರಕಾಶಕರನ್ನು ಗಣರಾಜ್ಯದ ಪೊಲೀಸರು ಹಿಡಿದರು, ಕೊನೆಗೆ ಕಟ್ಟಡವನ್ನು ಬೀದಿಯವರು ಸುಟ್ಟರು. ಅದೇ ವರ್ಷ ಮಾರ್ಚ್ 28ರಂದು ಕಠ್ಮಂಡುವಿನ ತಿನ್‌ಕುನೆಯಲ್ಲಿ ರಾಜಪ್ರಭುತ್ವ ಬೇಕೆನ್ನುವವರ ಗಲಾಟೆಯಲ್ಲಿ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು, ಅವೆನ್ಯೂಸ್ ಟೆಲಿವಿಷನ್‌ನ ಕ್ಯಾಮೆರಾಮನ್ ಸುರೇಶ್ ರಜಕ್ ಒಳಗೇ ಸತ್ತರು. ಈ ಎರಡು ಗಲಾಟೆಗಳವರೂ ಒಂದೇ ಗುಂಪಲ್ಲ. ಒಬ್ಬರು ರಾಜನನ್ನು ಕೇಳುವವರು, ಇನ್ನೊಬ್ಬರು ಎಲ್ಲ ಹಳಬರೂ ಹೋಗಲಿ ಅನ್ನುವವರು. ಪತ್ರಕರ್ತರು ನಾಯಕರ ಜೊತೆಗಿರುವವರು ಅನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಅದಕ್ಕೆ ಸ್ವಲ್ಪ ಕಾರಣವನ್ನು ಪತ್ರಕರ್ತರೇ ಒದಗಿಸಿದ್ದಾರೆ. ಅಲ್ಲಿನ ಪತ್ರಕರ್ತರ ಮಹಾಸಂಘದಲ್ಲೇ ಪ್ರೆಸ್ ಯೂನಿಯನ್ ನೇಪಾಳಿ ಕಾಂಗ್ರೆಸ್ ಕಡೆ, ಪ್ರೆಸ್ ಚೌತಾರಿ ಓಲಿಯವರ ಕಮ್ಯುನಿಸ್ಟ್ ಪಕ್ಷ ಎಮಾಲೆ ಕಡೆ, ಪ್ರೆಸ್ ಸೆಂಟರ್ ಮಾವೋವಾದಿಗಳ ಕಡೆ ಅಂತ ಬಹಿರಂಗವಾಗಿಯೇ ಬಣಗಳಿವೆ. ಮಹಾಸಂಘದ ಚುನಾವಣೆ ಪಕ್ಷಗಳ ಚುನಾವಣೆಯ ಹಾಗೇ ನಡೆಯುತ್ತದೆ.

ಗೆಳತಿ ಯಾವ ಬಣಕ್ಕೂ ಸೇರಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದಾರೆ. ಒಳ್ಳೆಯದೇ. ಆದರೆ ಬಣವಿಲ್ಲದವರಿಗೆ ಕಷ್ಟ ಬಂದಾಗ ಹೇಳಿಕೆ ನಿಧಾನವಾಗಿ ಹೊರಡುತ್ತದೆ. ಹಾಗಾಗಿ ಮೊದಲೇ ಮಹಾಸಂಘದ ಜಿಲ್ಲಾ ಶಾಖೆಯಲ್ಲಿ ಒಬ್ಬರಿಗೆ, ಪತ್ರಿಕಾ ಸ್ವಾತಂತ್ರ್ಯದ ಕೆಲಸ ಮಾಡುವ ಫ್ರೀಡಂ ಫೋರಂನಲ್ಲಿ ಒಬ್ಬರಿಗೆ ವಿಷಯ ಹೇಳಿಟ್ಟಿರಲಿ. ಅಲ್ಲಿನ ಸಂವಿಧಾನದ ಪ್ರಕಾರ ಬಂಧಿಸಿದವರನ್ನು 24 ಗಂಟೆಯೊಳಗೆ ನ್ಯಾಯಾಧಿಕಾರಿಯ ಮುಂದೆ ಹಾಜರುಪಡಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಆ 24 ಗಂಟೆಯಲ್ಲಿ ಫೋನ್ ಎತ್ತುವವರು ಯಾರು ಎಂಬುದು ಇವತ್ತೇ ಗೊತ್ತಿರಬೇಕು. ವಕೀಲರ ನಂಬರು ಫೋನಿನಲ್ಲಿದ್ದರೆ ಸಾಲದು, ಫೋನ್ ಕಿತ್ತುಕೊಂಡರೆ? ಮನೆಯಲ್ಲಿ ಅಪ್ಪನ ಹತ್ತಿರ ಚೀಟಿಯಲ್ಲಿ ಬರೆದಿರಲಿ. ಪಾಸ್‌ಬುಕ್ಕಿನ ಪ್ರತಿ, ಮೆಸೇಜುಗಳ ಪ್ರತಿ ಮನೆಯ ಹೊರಗೆ ಒಬ್ಬರ ಬಳಿ ಇರಲಿ.

ಕೊನೆಗೆ ನಿಮ್ಮ ಅನುವಾದ. ಇಲ್ಲಿ ಮೊದಲು ಪ್ರಕಟಿಸಿದರೆ ಕಾನೂನಿನಿಂದ ತಪ್ಪಿಸಿಕೊಳ್ಳಬಹುದು ಅನ್ನುವುದು ಸರಿಯಲ್ಲ. ಆ ಎಲೆಕ್ಟ್ರಾನಿಕ್ ಕಾಯ್ದೆಯಲ್ಲಿ ನೇಪಾಳದ ಹೊರಗೆ ಮಾಡಿದ ಕೆಲಸವನ್ನೂ ಹಿಡಿಯಲು ಅವಕಾಶವಿದೆ. ನಿಮ್ಮನ್ನು ಧಾರವಾಡದಿಂದ ಹಿಡಿದುಕೊಂಡು ಹೋಗಲ್ಲ ಬಿಡಿ, ಆದರೆ ಮೂಲ ಬರೆದವರು ಕಠ್ಮಂಡುವಿನಲ್ಲೇ ಇದ್ದಾರಲ್ಲ. ಇದಕ್ಕಿಂತ ದೊಡ್ಡ ತೊಂದರೆ ‘ಭಾರತದವರ ಏಜೆಂಟ್’ ಅನ್ನುವ ಹಣೆಪಟ್ಟಿ. ಅಲ್ಲಿ ಅದನ್ನು ಅಂಟಿಸುವುದು ಬಹಳ ಸುಲಭ, ಕೀಳುವುದು ಬಹಳ ಕಷ್ಟ. 2015ರ ಏಪ್ರಿಲ್ ಭೂಕಂಪದಲ್ಲಿ ಸುಮಾರು 9,000 ಜನ ಸತ್ತು ಊರೇ ಶೋಕದಲ್ಲಿದ್ದಾಗ, ನಮ್ಮ ಟೀವಿಯವರು ಮೈಕ್ ಹಿಡಿದು ನಡೆದುಕೊಂಡ ರೀತಿಗೆ ‘ಭಾರತೀಯ ಮಾಧ್ಯಮದವರೇ ಮನೆಗೆ ಹೋಗಿ’ ಎಂಬ ಅಭಿಯಾನವೇ ಎದ್ದಿತ್ತು. ಅದೇ ವರ್ಷದ ಕೊನೆಗೆ ಗಡಿಯಲ್ಲಿ ಸರಕು ನಿಂತು ಗ್ಯಾಸ್, ಪೆಟ್ರೋಲ್ ಇಲ್ಲದೆ ತಿಂಗಳುಗಟ್ಟಲೆ ಕಳೆದದ್ದನ್ನು ಅಲ್ಲಿನ ಯಾವ ಮನೆಯವರೂ ಮರೆತಿಲ್ಲ. 2020ರಲ್ಲಿ ದೂರದರ್ಶನ ಬಿಟ್ಟು ನಮ್ಮ ಸುದ್ದಿವಾಹಿನಿಗಳನ್ನು ಅಲ್ಲಿನ ಕೇಬಲ್‌ನವರೇ ನಿಲ್ಲಿಸಿದ್ದರು. ಪಶುಪತಿನಾಥನ ಪೂಜೆಗೆ ದಕ್ಷಿಣದ ಭಟ್ಟರನ್ನು ಕರೆಸುವುದು ಎಷ್ಟು ಹಳೆಯ ರೂಢಿ! ಆದರೂ 2009ರಲ್ಲಿ ಕರ್ನಾಟಕದಿಂದ ಹೊಸದಾಗಿ ನೇಮಕವಾಗಿ ಹೋದ ಇಬ್ಬರು ಅರ್ಚಕರ ಮೇಲೆ ಹಲ್ಲೆ ನಡೆಯಿತು. ಸಿಟ್ಟು ಆ ಇಬ್ಬರ ಮೇಲಿನದಲ್ಲ ಎಂದು ಬೇರೆ ಹೇಳಬೇಕಿಲ್ಲ. ಇಂಥ ಕಡೆ, ಒಬ್ಬ ನೇಪಾಳಿ ಪತ್ರಕರ್ತೆಯ ಮನದ ಮಾತು ಮೊದಲು ಭಾರತದಲ್ಲಿ ಬಂತು ಅಂದರೆ, ಬರೆದದ್ದೇನು ಎಂದು ಓದುವ ಮುಂಚೆಯೇ ತೀರ್ಮಾನ ಆಗಿಬಿಡುತ್ತದೆ.

ಹಾಗಾದರೆ ಯಾವ ದಾರಿ? ನಾನಾಗಿದ್ದರೆ ನೇಪಾಳಿಯಲ್ಲೇ, ಸ್ವಂತ ಹೆಸರಿನಲ್ಲೇ, ಒಬ್ಬ ಗಟ್ಟಿ ಸಂಪಾದಕರಿರುವ ನೋಂದಾಯಿತ ಪತ್ರಿಕೆ ಅಥವಾ ತಾಣದಲ್ಲಿ ಕಂತುಗಳಾಗಿ ಬರಲಿ ಎನ್ನುತ್ತಿದ್ದೆ. ಮೊದಲು ಸೆಪ್ಟೆಂಬರಿನ ಪುಟಗಳು, ದಿನನಿತ್ಯದ ಬದುಕಿನ ಪುಟಗಳು. ಬಾಕಿ ಸಂಬಳ ಕೈಗೆ ಬಂದ ಮೇಲೆ ಆಫೀಸಿನದು. ಸಹಕಾರಿಯದು ಅಮ್ಮ ಒಪ್ಪಿದರೆ, ಕಾಗದಗಳೊಂದಿಗೆ, ನೆನಪಿನ ಬರಹವಾಗಿ ಅಲ್ಲ, ವರದಿಯಾಗಿ. ಇದರಲ್ಲೂ ತೊಂದರೆಯಿದೆ. ಸಂಪಾದಕರು ಕತ್ತರಿಸುತ್ತಾರೆ, ಅವರಿಗೂ ಜಾಹೀರಾತಿನವರಿದ್ದಾರೆ, ಕಂತು ಅರ್ಧಕ್ಕೆ ನಿಲ್ಲಬಹುದು. ಸ್ವಂತ ಚಾನೆಲ್‌ನಲ್ಲಿ ಯಾರೂ ಕತ್ತರಿಸುವುದಿಲ್ಲ, ಆದರೆ ಪೊಲೀಸರು ಬಂದ ದಿನ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಎರಡರಲ್ಲಿ ಯಾವುದು ಸಹಿಸಬಲ್ಲೆ ಎಂದು ಅವರೇ ತೀರ್ಮಾನಿಸಲಿ. ಅವರು ಸ್ವಂತ ಚಾನೆಲ್ ಆರಿಸಿದರೆ ನಾನು ತಪ್ಪು ಎನ್ನಲಾರೆ, ಸಹಕಾರಿಯ ಪುಟ ಮಾತ್ರ ಅಲ್ಲಿ ಬೇಡ.

ನೀವು ಕಾಯಿರಿ. ಅಲ್ಲಿ ಪ್ರಕಟವಾದ ಕಂತನ್ನೇ ಕನ್ನಡಕ್ಕೆ ತನ್ನಿ, ‘ಮೊದಲು ಇಂಥ ಕಡೆ ನೇಪಾಳಿಯಲ್ಲಿ ಪ್ರಕಟವಾದದ್ದು’ ಎಂದು ಮೇಲೆಯೇ ಹಾಕಿ. ಅವರು ‘ಆರೋಪವಿದೆ’ ಎಂದು ಬರೆದದ್ದು ನಿಮ್ಮ ಕನ್ನಡದಲ್ಲಿ ‘ಮಾಡಿದ’ ಆಗದಂತೆ ನೋಡಿಕೊಳ್ಳಿ. ಶೀರ್ಷಿಕೆಯನ್ನು ಅವರಿಗೆ ತೋರಿಸಿ ಒಪ್ಪಿಗೆ ಪಡೆಯದೆ ಪುಟಕ್ಕೆ ಬಿಡಬೇಡಿ. ನಮ್ಮ ಡೆಸ್ಕಿನವರು ಒಳ್ಳೆಯವರೇ, ಆದರೆ ಸ್ಕೂಟರ್ ತಳ್ಳಿಕೊಂಡು ಮನೆಗೆ ಬಂದವಳ ಬರಹಕ್ಕೂ ‘ಹೊತ್ತಿ ಉರಿದ ನೇಪಾಳ’ ಅಂತ ಹಾಕಿಬಿಡುತ್ತಾರೆ.